ಪೊಮೋನಾದ ಎಂಜಿನ್ ಸಂತೆ

ಲಾಸ್ ಏಂಜಲೀಸ್ ನಗರದಿಂದ ಪೂರ್ವಾಭಿಮುಖವಾಗಿ ಸುಮಾರು 30 ಮೈಲಿ ಸಾಗಿದರೆ, ಒಂದು ಕಾಲಕ್ಕೆ ಕಿತ್ತಳೆಯ ತೋಟಗಳಿಗೆ ಹೆಸರಾಗಿದ್ದು ಈಗ ಮನೆ ಮಳಿಗೆ ಹೆದ್ದಾರಿಗಳಿಂದ ತುಂಬಿಹೋಗಿರುವ ಪೊಮೋನಾ ಎಂಬ ಪಟ್ಟಣ ಸಿಗುತ್ತದೆ. ಉತ್ತರದಲ್ಲಿ ಸ್ಯಾನ್ ಗೇಬ್ರಿಯಲ್ ಪರ್ವತಶ್ರೇಣಿ. ಅದರ ತಪ್ಪಲಿನತ್ತ ಮುಖಮಾಡಿ, ಸುಮಾರು 500 ಎಕರೆ ವಿಸ್ತಾರದ ಫೇರ್‌ಪ್ಲೆಕ್ಸ್ ಎಂಬ ಜಾತ್ರೆಯ ಮೈದಾನ. ಲಾಸ್ ಏಂಜಲೀಸ್ ಕೌಂಟಿಯ ಜಾತ್ರೆ 1922ರಲ್ಲಿ ಮೊದಲ ಬಾರಿಗೆ ನೆರೆದ ಈ ಬಯಲಿನಲ್ಲಿ, ವರ್ಷದ ಕೆಲವು ಭಾನುವಾರಗಳಂದು ಬೇರೊಂದು ಬಗೆಯ ಸಂತೆ ಕೂಡುತ್ತದೆ: ಹಳೆಯ ಮೋಟಾರುಗಳ, ಅವುಗಳ ಎಂಜಿನ್ನುಗಳ, ಆ ಎಂಜಿನ್ನುಗಳಿಂದ ಕಳಚಿ ದಿಕ್ಕುದಿಕ್ಕಿಗೆ ಚೆದುರಿಹೋಗಿರುವ ಅಂಗೋಪಾಂಗಗಳ ಸಂತೆ.

ಬಾಗಿಲು ತೆರೆಯುವುದು ಸೂರ್ಯೋದಯಕ್ಕೆ ಮುಂಚೆ. ಕೊಳ್ಳಲೇಬೇಕೆಂಬ ನಿಶ್ಚಯದಿಂದ ಬಂದವರು ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಲ್ಲಿ ಪುಟ್ಟ ಕೈಗಾಡಿ ಎಳೆದುಕೊಂಡು ಕತ್ತಲಲ್ಲಿಯೇ ಒಳಹೊಗುತ್ತಾರೆ. ಅಪರೂಪದ ವಸ್ತುವೊಂದು ಲಾರಿಯಿಂದ ಇಳಿದು ನೆಲ ಮುಟ್ಟುವುದಕ್ಕೆ ಮೊದಲೇ ಕೈಬದಲಾಗಿಬಿಡುವುದೂ ಉಂಟು. ಬೆಳಕು ಹರಿಯುವ ಹೊತ್ತಿಗೆ, ಟಾರಿನ ಬಯಲಿನ ಮೇಲೆ ಹಾಸಿದ ಟಾರ್ಪಾಲುಗಳ ಸಾಲು ಸ್ಪಷ್ಟವಾಗಿ ಕಾಣತೊಡಗುತ್ತದೆ: ಎಣ್ಣೆ ಹೀರಿ ಕಪ್ಪಾದ ಗೇರ್‌ಬಾಕ್ಸುಗಳು, ಜೋಡಿ ತಪ್ಪಿದ ದೀಪಗಳು, ಹಲ್ಲು ಸವೆದ ಗಾಲಿಗಳು, ಡಬ್ಬಿಗಳಲ್ಲಿ ತುಂಬಿಟ್ಟ ಬೋಲ್ಟು ನಟ್ಟುಗಳು, ಮರದ ದಿಮ್ಮಿಗಳ ಮೇಲೆ ಕೂರಿಸಿದ ಭಾರವಾದ ಎರಕದ ಬ್ಲಾಕುಗಳು. ಫೋಕ್ಸ್‌ವ್ಯಾಗನ್ನಿನವರಿಗೆ ಒಂದು ಕಡೆ, ಕಾರ್ವೆಟ್ಟಿನವರಿಗೆ ಇನ್ನೊಂದು ಕಡೆ ಎಂದು ವಿಭಾಗಗಳಿವೆ. ಅವುಗಳನ್ನು ನೋಡುವುದಕ್ಕೂ ಜನ ಬರುತ್ತಾರೆ. ಆದರೆ ಈ ಸಂತೆ ಬೇರೆಲ್ಲಿಯೂ ಅಲ್ಲದೆ ಇಲ್ಲಿಯೇ ಏಕೆ ಬೇರೂರಿತು ಎಂಬುದಕ್ಕೆ ಉತ್ತರ ಸಿಗುವುದು ಹಾಟ್ ರಾಡ್ ಸಾಮಾನಿನ ಸಾಲುಗಳಲ್ಲಿ.

ಹಾಟ್ ರಾಡ್ ಎಂದರೆ, ಸ್ಥೂಲವಾಗಿ ಹೇಳುವುದಾದರೆ, ಕಾರ್ಖಾನೆ ಒಂದು ರೀತಿಯಲ್ಲಿ ಮಾಡಿ ಕಳುಹಿಸಿದ ಅಗ್ಗದ ಕಾರನ್ನು ಅದರ ಒಡೆಯನು ತನ್ನ ಕೈಯಾರೆ ಬಿಚ್ಚಿ, ಹಗುರ ಮಾಡಿ, ಎಂಜಿನ್ನಿಗೆ ಹೆಚ್ಚಿನ ಬಲ ತುಂಬಿ, ವೇಗಕ್ಕಾಗಿಯೇ ಮತ್ತೆ ಕಟ್ಟಿದ ವಾಹನ. ಧನಿಕರು ಐರೋಪ್ಯ ಸ್ಪರ್ಧಾವಾಹನಗಳನ್ನು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯದ ಬಡ ಯುವಕರು ಗುಜರಿಯಿಂದ ಹಳೆಯ ಫೋರ್ಡುಗಳನ್ನು ತಂದು, ಮಡ್‌ಗಾರ್ಡು ಕಿತ್ತು, ಮೇಲ್ಛಾವಣಿ ತೆಗೆದು, ಮೊಹಾವೆ ಮರುಭೂಮಿಯ ಬತ್ತಿದ ಸರೋವರಗಳ ಸಮತಟ್ಟಾದ ನೆಲದ ಮೇಲೆ ಓಡಿಸಿ ನೋಡುತ್ತಿದ್ದರು. ಮ್ಯೂರಾಕ್, ಎಲ್ ಮಿರಾಜ್ ಎಂಬುವು ಅಂಥ ಸರೋವರಗಳು. ಮ್ಯೂರಾಕ್ ಇಂದು ಎಡ್ವರ್ಡ್ಸ್ ವಾಯುಪಡೆ ನೆಲೆಯ ಭಾಗವಾಗಿದೆ. 1937ರಲ್ಲಿ ಇವರ ಕ್ಲಬ್ಬುಗಳೆಲ್ಲ ಒಂದುಗೂಡಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ವಿಮಾನ ಕಾರ್ಖಾನೆಗಳಲ್ಲಿಯೂ ಸೈನ್ಯದ ಕಾರ್ಯಾಗಾರಗಳಲ್ಲಿಯೂ ಲೋಹದ ಕೆಲಸ ಕಲಿತು ಬಂದ ತರುಣರ ಕೈಯಲ್ಲಿ ಈ ವಿದ್ಯೆ ಇಮ್ಮಡಿಯಾಗಿ ಬೆಳೆಯಿತು. ಜೊತೆಗೆ ಊರಿನ ಬೀದಿಗಳಲ್ಲಿ ಅಪಾಯಕಾರಿಯಾದ ಪಂದ್ಯಗಳೂ ಬೆಳೆದುವು. ಆ ವೇಗಕ್ಕೆ ಒಂದು ಕಟ್ಟುಪಾಡು ಒದಗಿಸಬೇಕೆಂದು ವಾಲಿ ಪಾರ್ಕ್ಸ್ ಅವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಅದರ ಮೊಟ್ಟಮೊದಲ ಅಧಿಕೃತ ಸ್ಪರ್ಧೆ 1953ರ ಏಪ್ರಿಲ್‌ನಲ್ಲಿ ನಡೆದದ್ದು ಇದೇ ಜಾತ್ರೆಯ ಮೈದಾನದ ವಾಹನ ನಿಲುಗಡೆಯ ಬಯಲಿನಲ್ಲಿ. ಪೊಮೋನಾ ಪೊಲೀಸರು ಆ ಹುಡುಗರನ್ನು ಬರಿದೆ ಅಟ್ಟಿಬಿಡದೆ ಅವರಿಗೆ ನೆಲೆ ಕೊಡುವುದರಲ್ಲಿ ನೆರವಾದರೆಂಬುದು ಈ ಊರಿನ ಕೀರ್ತಿಗೆ ಸಲ್ಲತಕ್ಕ ಮಾತು. ಇಲ್ಲಿನ ಪೊಲೀಸ್ ಸಾರ್ಜೆಂಟ್ ಬಡ್ ಕೂನ್ಸ್ ಅವರೇ ಮರುವರ್ಷ, ಸುರಕ್ಷಿತವಾಗಿ ಸ್ಪರ್ಧೆ ನಡೆಸುವ ವಿಧಾನವನ್ನು ಊರೂರಿಗೆ ಹೋಗಿ ಕಲಿಸಿಕೊಟ್ಟ ತಂಡದ ಮುಂದಾಳಾದರು.

ಈ ಚರಿತ್ರೆಗೆಲ್ಲ ಆಧಾರವಾದ ವಸ್ತು ಇಂದಿಗೂ ಸಂತೆಯ ನೆಲದ ಮೇಲೆ ಕಾಣಸಿಗುತ್ತದೆ. ಅದು 1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯ ಜನರ ಕೈಗೆಟುಕುವ ಬೆಲೆಯ ಕಾರಿನಲ್ಲಿ ಇಟ್ಟು ಮಾರಿದ ವಿ-8 ಎಂಜಿನ್. ಎಂಟು ಸಿಲಿಂಡರಿನ ಎಂಜಿನ್ ಅದಕ್ಕೆ ಮೊದಲು ಶ್ರೀಮಂತರ ವಾಹನಗಳ ಭೂಷಣವಾಗಿತ್ತು; ಸಿಲಿಂಡರುಗಳ ಎರಡು ಸಾಲುಗಳನ್ನೂ ಕ್ರ್ಯಾಂಕಿನ ಮನೆಯನ್ನೂ ಸೇರಿಸಿ ಒಂದೇ ಎರಕವಾಗಿ ಹೊಯ್ಯುವ ಉಪಾಯವನ್ನು, ಆರಂಭದಲ್ಲಿ ಅನೇಕ ಎರಕಗಳು ಕೆಟ್ಟು ಹೋದರೂ ಬಿಡದೆ, ಫೋರ್ಡ್ ಸಾಧಿಸಿದುದರಿಂದ ಅದು ಅಗ್ಗವಾಯಿತು. ಮೊದಲ ಎಂಜಿನ್ 221 ಘನ ಅಂಗುಲದ್ದು, 65 ಅಶ್ವಶಕ್ತಿಯದು. ವಾಲ್ವುಗಳು ತಲೆಯಲ್ಲಿರದೆ ಬ್ಲಾಕಿನ ಪಕ್ಕದಲ್ಲಿಯೇ ಇರುವುದರಿಂದ ಅದರ ಹೆಡ್ ಚಪ್ಪಟೆಯಾಗಿರುತ್ತದೆ. ಬಳಕೆಯಲ್ಲಿ ಅದಕ್ಕೆ ಫ್ಲ್ಯಾಟ್‌ಹೆಡ್ ಎಂದೇ ಹೆಸರು. ಗುಣದಷ್ಟೇ ದೋಷವೂ ಅದರಲ್ಲಿ ಹುಟ್ಟಿನಿಂದಲೇ ಬಂದಿದೆ: ಸುಟ್ಟ ಅನಿಲ ಹೊರಹೋಗುವ ದಾರಿಗಳು ಬ್ಲಾಕಿನ ಮೈಯೊಳಗೆ, ನೀರಿನ ಕೋಶಗಳ ನಡುವೆಯೇ ಹಾದುಹೋಗುತ್ತವೆ, ಆದಕಾರಣ ಎಂಜಿನ್ ಬೇಗ ಕಾಯುತ್ತದೆ, ಕಾದು ಕಾದು ಎರಕ ಬಿರಿಯುತ್ತದೆ.

ಅಂಥದೊಂದು ಬ್ಲಾಕಿನ ಮುಂದೆ ನಡೆದ ವ್ಯವಹಾರವನ್ನು ನಾನು ನಿಂತು ನೋಡಿದೆ. ಮಾರುವವರು ವೃದ್ಧರು, ಮಡಚುವ ಕುರ್ಚಿಯಲ್ಲಿ ಕುಳಿತಿದ್ದರು. ಕೊಳ್ಳಬಂದವನು ಇಪ್ಪತ್ತರ ಆಸುಪಾಸಿನ ತರುಣ. ಅವನು ಬೆಲೆ ಕೇಳಲಿಲ್ಲ. ಮೊದಲು ಹಿಂಬದಿಯ ಕ್ಲಚ್ ಮನೆಯ ನೆತ್ತಿಯ ಮೇಲಿನ ಕಿಲುಬನ್ನು ಬಟ್ಟೆಯಿಂದ ಒರೆಸಿ, ಎರಕದಲ್ಲಿಯೇ ಮೂಡಿದ್ದ ‘59’ ಎಂಬ ಅಂಕೆಗಳನ್ನು ಓದಿದ. ಯುದ್ಧಾನಂತರದ 1946ರಿಂದ 1948ರವರೆಗಿನ 239 ಘನ ಅಂಗುಲದ ಬ್ಲಾಕೆಂಬುದಕ್ಕೆ ಅದು ಗುರುತು. ಆಮೇಲೆ ಪ್ರತಿಯೊಂದು ಸಿಲಿಂಡರಿನ ಬಾಯಿಯ ಒಳಸುತ್ತಿನಲ್ಲಿ ಉಗುರು ಎಳೆದು, ಪಿಸ್ಟನ್ ತಾಗುವ ಭಾಗ ಸವೆದು ಮೇಲ್ಗಡೆ ಎಷ್ಟು ಅಂಚು ಉಳಿದಿದೆಯೆಂದು ನೋಡಿದ. ಕಡೆಗೆ ಮಂಡಿಯೂರಿ ಕುಳಿತು, ವಾಲ್ವಿನ ಪೀಠಕ್ಕೂ ಸಿಲಿಂಡರಿನ ಅಂಚಿಗೂ ನಡುವೆ ಇರುವ ಬೆರಳಗಲದ ದಂಡೆಯ ಮೇಲೆ, ಒಂದರ ನಂತರ ಒಂದರಂತೆ ಎಂಟು ಕಡೆಯೂ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟ. ನಮ್ಮ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ರೈತನ ಏಕಾಗ್ರತೆ ಅವನ ಮುಖದಲ್ಲಿತ್ತು. ಆರನೆಯ ಕಡೆಯಲ್ಲಿ ಬೆಳಕು ನಿಂತಿತು.

“ಇಲ್ಲೊಂದು ಗೀರಿದೆ, ಸರ್” ಎಂದ.

“ಇದೆ, ಮಗು. ಅದು ನೀರಿನವರೆಗೆ ಇಳಿದಿದೆಯೋ ಇಲ್ಲವೋ ನಾನು ಕಣ್ಣಿನಿಂದ ಹೇಳಲಾರೆ. ಒಯ್ದು ಮ್ಯಾಗ್ನಫ್ಲಕ್ಸ್ ಮಾಡಿಸು, ಇಳಿದಿದ್ದರೆ ಮುಂದಿನ ಸಂತೆಗೆ ತಂದುಕೊಡು, ನಿನ್ನ ಹಣ ನಿನಗೆ” ಎಂದರು ವೃದ್ಧರು.

ಎರಕವನ್ನು ಅಯಸ್ಕಾಂತಗೊಳಿಸಿ, ಮೇಲೆ ಕಬ್ಬಿಣದ ನುಣುಪು ಪುಡಿ ಉದುರಿಸಿದರೆ, ಬಿರುಕು ಇರುವಲ್ಲಿ ಪುಡಿ ಗೆರೆಗಟ್ಟಿ ನಿಲ್ಲುವ ಪರೀಕ್ಷೆ ಅದು. ಬಿರುಕು ಸಣ್ಣದಾಗಿದ್ದರೆ ಲೋಹದ ಮೊಳೆಗಳಿಂದ ಹೊಲಿದು ಮುಚ್ಚುವ ಕುಶಲಿಗಳೂ ಉಂಟು. ಬೆಲೆಯ ಮಾತು ಬಂದದ್ದು ಇದೆಲ್ಲ ಆದ ಬಳಿಕ, ಮತ್ತು ಎರಡೇ ವಾಕ್ಯಗಳಲ್ಲಿ ಮುಗಿಯಿತು. ಈ ಸಂತೆಯಲ್ಲಿ ನಿಜವಾಗಿ ಕೈಯಿಂದ ಕೈಗೆ ದಾಟುವುದು ಯಾವುದೆಂದು ಯೋಚಿಸಿದಾಗ, ಆ ವೃದ್ಧರ ಉತ್ತರವೇ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕಬ್ಬಿಣ ಎಲ್ಲಿಯೂ ಸಿಕ್ಕೀತು. ಅದನ್ನು ಓದಬಲ್ಲ ಕಣ್ಣೊಂದು ಇನ್ನೊಂದು ಕಣ್ಣನ್ನು ತಯಾರುಮಾಡುವ ಸ್ಥಳಗಳು ಬಹಳವಿಲ್ಲ.

ಬಿಡಿಭಾಗಗಳ ವಿಷಯದಲ್ಲಿ ಈ ಓದು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಸ್ಟ್ರಾಂಬರ್ಗ್ 97 ಎಂಬ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಾರ್ಬ್ಯುರೇಟರು ಮೂವತ್ತರ ದಶಕದ ನಡುವಿನ ಫೋರ್ಡುಗಳಲ್ಲಿ ಒಂಟಿಯಾಗಿ ಬರುತ್ತಿತ್ತು. ಗಾಳಿ ಹಾಯುವ ಅದರ ಕಂಠದ ಅಳತೆ ಒಂದು ಅಂಗುಲದ ನೂರರಲ್ಲಿ 97 ಭಾಗ. ಹಾಟ್ ರಾಡಿನವರು ಅದನ್ನೇ ಎರಡು, ಮೂರು, ಕೆಲವೊಮ್ಮೆ ನಾಲ್ಕರಂತೆ ಸಾಲಾಗಿ ಕೂರಿಸಿದರು. ಹಾಗೆ ಕೂರಿಸುವುದಕ್ಕೆ ಬೇಕಾದ ಅಲ್ಯೂಮಿನಿಯಮ್ ಮ್ಯಾನಿಫೋಲ್ಡನ್ನು ವಿಕ್ ಎಡೆಲ್‌ಬ್ರಾಕ್ 1938ರಲ್ಲಿ ತಮ್ಮ ಸ್ವಂತ ಕಾರಿಗಾಗಿ ರೂಪಿಸಿದರು, ನೋಡಿದವರು ತಮಗೂ ಬೇಕೆಂದರು, ಅದೇ ಒಂದು ದೊಡ್ಡ ಉದ್ಯಮದ ಬೀಜವಾಯಿತು. ವಿಮಾನ ಕಾರ್ಖಾನೆಯಲ್ಲಿ ದುಡಿದಿದ್ದ ಟೆಡ್ ಹ್ಯಾಲಿಬ್ರ್ಯಾಂಡ್ ಮ್ಯಾಗ್ನೀಸಿಯಮ್ಮಿನ ಚಕ್ರಗಳನ್ನು ಎರಕ ಹೊಯ್ದರು. ನ್ಯೂಯಾರ್ಕಿನಲ್ಲಿ ಜೋರಾ ಆರ್ಕಸ್-ಡಂಟಾಫ್, ಮುಂದೆ ಕಾರ್ವೆಟ್ಟಿನಿಂದ ಜಗತ್ಪ್ರಸಿದ್ಧರಾದವರು, ಫ್ಲ್ಯಾಟ್‌ಹೆಡ್ಡಿನ ವಾಲ್ವುಗಳನ್ನು ತಲೆಗೇ ಏರಿಸುವ ಆರ್ಡನ್ ಎಂಬ ಹೆಡ್ಡುಗಳನ್ನು ಮಾಡಿದರು. ಹಳೆಯ ಆರ್ಡನ್ ಜೋಡಿಯೊಂದು ಟಾರ್ಪಾಲಿನ ಮೇಲೆ ಕಾಣಿಸಿದರೆ ಸುತ್ತ ಗುಂಪು ಕೂಡದೆ ಇರದು. 1949ರಿಂದ 1953ರವರೆಗಿನ ಮರ್ಕ್ಯುರಿ ಕಾರಿನ ಕ್ರ್ಯಾಂಕು, ಹೊರನೋಟಕ್ಕೆ ಫೋರ್ಡಿನದರಂತೆಯೇ ಇದ್ದರೂ, ಪಿಸ್ಟನ್ನಿಗೆ ಮೂರೂಮುಕ್ಕಾಲು ಅಂಗುಲಕ್ಕೆ ಬದಲು ಪೂರ್ತಿ ನಾಲ್ಕು ಅಂಗುಲದ ಓಟ ಕೊಡುತ್ತದೆ. ಆ ಕಾಲಂಗುಲಕ್ಕಾಗಿ ಜನ ಅಳತೆಪಟ್ಟಿ ಹಿಡಿದು ಸಾಲಿನಿಂದ ಸಾಲಿಗೆ ಅಲೆಯುವುದನ್ನು ಕಾಣಬಹುದು.

1955ರಲ್ಲಿ ಷೆವ್ರೊಲೆ ಕಂಪನಿಯ 265 ಘನ ಅಂಗುಲದ ಹಗುರವಾದ ವಿ-8 ಬಂದ ಮೇಲೆ ಫ್ಲ್ಯಾಟ್‌ಹೆಡ್ಡಿನ ಸ್ಪರ್ಧಾಯುಗ ಮುಗಿದಂತಾಯಿತು. ಕಡಿಮೆ ಖರ್ಚಿಗೆ ಹೆಚ್ಚು ಬಲ ದೊರೆಯುವಾಗ ಹಳೆಯದನ್ನು ಇಟ್ಟುಕೊಳ್ಳುವವರು ಯಾರು? ವಿನ್‌ಫೀಲ್ಡ್ ಕ್ಯಾಮ್‌ಗಳು, ಎಡೆಲ್‌ಬ್ರಾಕ್ ಹೆಡ್ಡುಗಳು ಗ್ಯಾರೇಜಿನ ಮೂಲೆಗೆ, ಮೂಲೆಯಿಂದ ಗುಜರಿಗೆ ಹೋದುವು. ಕರಗಿಹೋದುದಕ್ಕೆ ಲೆಕ್ಕವಿಲ್ಲ. ಹಾಗೆ ಕರಗದೆ ಉಳಿದುದಕ್ಕೆ ಇಂದು ಇಲ್ಲಿ ಇಷ್ಟು ಬೆಲೆ. ಬಡವರ ಕೈಯಲ್ಲಿ ಹುಟ್ಟಿದ ವಿದ್ಯೆಯ ಸಾಧನಗಳು ಬಡ ಹುಡುಗನಿಗೆ ನಿಲುಕದಂತಾಗುತ್ತಿವೆಯಲ್ಲ ಎಂಬ ವ್ಯಥೆ ನನ್ನನ್ನು ಬಿಡಲಿಲ್ಲ.

ಈ ವ್ಯಥೆಗೆ ಅಲ್ಪಸ್ವಲ್ಪ ಪರಿಹಾರವನ್ನು ಹೊಸ ಎರಕಗಳು ಒದಗಿಸಿವೆ. ಸ್ಟ್ರಾಂಬರ್ಗ್ 97 ಈಗ ಹೊಸದಾಗಿಯೇ ತಯಾರಾಗುತ್ತಿದೆ. 1932ರ ಫೋರ್ಡಿನ ಮೈಯನ್ನೂ ಹೊಸ ಉಕ್ಕಿನಲ್ಲಿ ಒತ್ತಿ ಮಾರುತ್ತಾರೆ. ಹೊಸದು ಕೊಂಡವನನ್ನು ಹಳಬರಲ್ಲಿ ಕೆಲವರು ಅರ್ಧ ಮನಸ್ಸಿನಿಂದ ಮಾತಾಡಿಸುವುದು ಸರಿಯಲ್ಲವೆಂದು ನನ್ನ ಭಾವನೆ. ಹೊಸ ಪ್ರತಿ ದೊರೆಯುವುದರಿಂದಲೇ ಎಷ್ಟೋ ಮೂಲವಸ್ತುಗಳು ಕೊರೆತ ವೆಲ್ಡಿಂಗುಗಳಿಂದ ಪಾರಾಗಿ ಮೊದಲಿನ ರೂಪದಲ್ಲಿ ಉಳಿದಿವೆ. ಇನ್ನೊಂದು ಅನುಕೂಲ ಕಾನೂನಿನದು: ಕ್ಯಾಲಿಫೋರ್ನಿಯದಲ್ಲಿ 1975ನೆಯ ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆಯ ಪರೀಕ್ಷೆಯಿಂದ ವಿನಾಯಿತಿ ಇದೆ. ಆ ರೇಖೆಯ ಹಿಂದಿನ ಎಂಜಿನ್ನುಗಳ ಕೊಡುಕೊಳ್ಳುವಿಕೆ ಇಷ್ಟು ಹುರುಪಿನಿಂದ ನಡೆಯುವುದಕ್ಕೆ ಅದೂ ಒಂದು ಕಾರಣ.

ವ್ಯಾಪಾರ ಬಹುಮಟ್ಟಿಗೆ ನಗದಿನದು. ವಸ್ತುವಿಗೆ ವಸ್ತು ಬದಲಾಯಿಸಿಕೊಳ್ಳುವುದೂ ಧಾರಾಳವಾಗಿದೆ. ಚೌಕಾಸಿಯನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಆದರೆ ವಸ್ತುವನ್ನು ಹೀಗಳೆದು ಬೆಲೆ ಇಳಿಸಲು ನೋಡುವವನಿಗೆ ಉತ್ತರವೇ ಸಿಗದು. ಮಧ್ಯಾಹ್ನವಾಗುತ್ತ ಬಂದಂತೆ, ಭಾರದ ಬ್ಲಾಕನ್ನು ಮತ್ತೆ ಲಾರಿಗೆ ಏರಿಸುವ ಶ್ರಮವನ್ನು ನೆನೆದು ಮಾರುವವರು ಸಡಿಲವಾಗುತ್ತಾರೆ. ಅಗ್ಗಕ್ಕೆ ಕೊಳ್ಳಬೇಕಾದವರಿಗೆ ಆ ಹೊತ್ತು, ಒಳ್ಳೆಯದು ಬೇಕಾದವರಿಗೆ ನಸುಕು.

ಮೈದಾನದ ಆವರಣದಲ್ಲಿಯೇ, ವಾಲಿ ಪಾರ್ಕ್ಸ್ ಅವರ ಹೆಸರಿನಲ್ಲಿ, 1998ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಸರೋವರಗಳ ಮೇಲೆ ದಾಖಲೆ ಬರೆದ ವಾಹನಗಳು ಅಲ್ಲಿ ಉಜ್ಜಿ ಹೊಳಪೇರಿಸಿದ ಸ್ಥಿತಿಯಲ್ಲಿ ನಿಂತಿವೆ. ಹೋಗುವ ಕನ್ನಡಿಗರಿಗೆ ನನ್ನದೊಂದು ಸಲಹೆ: ಸಂತೆಯನ್ನು ಮೊದಲು ನೋಡಿ, ಸಂಗ್ರಹಾಲಯವನ್ನು ಆಮೇಲೆ. ಬಿಡಿಯಾಗಿ ಬಿದ್ದಿರುವ ಕ್ಯಾಮ್, ಕ್ರ್ಯಾಂಕ್, ಹೆಡ್ಡುಗಳನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಅವು ಏನು ಕೆಲಸ ಮಾಡುತ್ತವೆಂದು ಮಾರುವವರನ್ನು ಕೇಳಿ ತಿಳಿದುಕೊಂಡು ಹೋದರೆ, ಅಲ್ಲಿನ ವಾಹನಗಳ ಮುಚ್ಚಿದ ಎಂಜಿನ್ನಿನೊಳಗೆ ಯಾರ ಕೈಕೆಲಸ ಅಡಗಿದೆಯೆಂಬುದು ತಾನಾಗಿ ಹೊಳೆಯುತ್ತದೆ. ಕೇಳಿದವರಿಗೆ ಹೇಳದೆ ಕಳುಹಿಸಿದ ವ್ಯಾಪಾರಿಯನ್ನು ನಾನು ಆ ಸಾಲುಗಳಲ್ಲಿ ಕಾಣಲಿಲ್ಲ.