ಅರಿವಿಗೆ ಕತ್ತರಿ ಬೇಕೇ?

ತೆಕ್ಕಟ್ಟೆಯ ಮಕ್ಕಳಿಗೆ ಬೊಂಡಾಸ್ ಹೊಸ ಜೀವಿಯಲ್ಲ. ಊರಿನ ಪಡುವಣಕ್ಕೆ ಅರಬ್ಬೀ ಸಮುದ್ರ. ಉತ್ತರಕ್ಕೆ ಗಂಗೊಳ್ಳಿ, ದಕ್ಷಿಣಕ್ಕೆ ಮಲ್ಪೆಯ ಬಂದರು. ಮೀನುಗಾರರ ಮನೆಯ ಮಗು ಅದನ್ನು ಅಡುಗೆಮನೆಯಲ್ಲಿ ಕಂಡಿರುತ್ತದೆ. ಜೈನರ ಮನೆಯ ಮಗು ಮೀನುಪೇಟೆಯನ್ನು ಹಾದುಹೋಗುವಾಗಷ್ಟೇ ಕಂಡಿರುತ್ತದೆ. ಅಮೆರಿಕದ ಅನೇಕ ಶಾಲೆಗಳಲ್ಲಿ ಹನ್ನೆರಡು-ಹದಿಮೂರರ ಪ್ರಾಯದ ಮಕ್ಕಳಿಗೆ ಇದೇ ಜೀವಿಯನ್ನು ಕೊಟ್ಟು, ಕತ್ತರಿಯಿಂದ ಸೀಳಿ ಅಂಗರಚನೆಯನ್ನು ಕಲಿಯಲು ಹೇಳುತ್ತಾರೆ. ಅಲ್ಲಿ ನೆಲೆಸಿರುವ ಜೈನ ಕುಟುಂಬದ ಮಗು ಆಗ ಕೇಳುವ ಪ್ರಶ್ನೆಯನ್ನು ಕರಾವಳಿಯ ಮಗುವೂ ಕೇಳಬಹುದು: ಮೊದಲೇ ಸತ್ತಿರುವ ಜೀವಿಯನ್ನು ಸೀಳಿದರೆ ಹಿಂಸೆ ಹೇಗಾದೀತು?

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಕರ್ಮದ ಆಸ್ರವವನ್ನು ವಿವರಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳನ್ನು ಹೇಳುತ್ತದೆ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಬಲೆ ಬೀಸಿದವರು ಬೇರೆಯವರೇ ಆದರೂ, ಪಾಠಕ್ಕಾಗಿಯೇ ತರಿಸಿದ ಜೀವಿಯ ಸಾವಿನಿಂದ ತರಿಸಿದವರು ಪೂರ್ತಿ ದೂರ ನಿಲ್ಲಲಾರರು. ಅದೇ ಗ್ರಂಥ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ಸೀಳುವಾಗ ನಗೆಚಾಟಿಕೆ, ತಿರಸ್ಕಾರ ಮೂಡಿದರೆ ಭಾವಹಿಂಸೆ ಅಲ್ಲಿಯೇ ಹುಟ್ಟಿತು.

ಹಾಗೆಂದು ಪಾಠವನ್ನೇ ಬಿಟ್ಟು ಹೊರನಡೆಯುವುದು ಜೈನಮಾರ್ಗವಲ್ಲ. ಜೀವವನ್ನು ಅರಿಯದವನಿಗೆ ಜೀವದಯೆ ಸಾಧಿಸದು. ಇಂದ್ರಿಯಗಳ ಎಣಿಕೆಯಿಂದ ಜೀವಿಗಳನ್ನು ವಿಂಗಡಿಸಿದ ಪರಂಪರೆ ಶಂಖವನ್ನು ದ್ವೀಂದ್ರಿಯ ಜೀವಿಗಳ ಸಾಲಿನಲ್ಲಿ ಇರಿಸಿತು. ಇಂದಿನ ವಿಜ್ಞಾನ ಶಂಖದ ಹುಳುವನ್ನೂ ಬೊಂಡಾಸನ್ನೂ ಮೃದ್ವಂಗಿಗಳೆಂಬ ಒಂದೇ ವಂಶದಲ್ಲಿ ಸೇರಿಸುತ್ತದೆ. ಬೊಂಡಾಸಿಗೆ ಮೂರು ಹೃದಯ, ತಾಮ್ರದ ಅಂಶದಿಂದ ನೀಲಿಯಾಗುವ ರಕ್ತ, ಎಂಟು ತೋಳು, ಬೇಟೆ ಹಿಡಿಯಲು ಎರಡು ನೀಳ ಬಾಹು, ಶತ್ರುವಿನಿಂದ ಪಾರಾಗಲು ಶಾಯಿಯ ಚೀಲ, ದೊಡ್ಡ ಕಣ್ಣುಗಳು. ಇಷ್ಟನ್ನು ತಿಳಿದ ಮಗುವಿಗೆ ಅದು ಬರಿಯ ಮಾಂಸದ ತುಂಡಾಗಿ ತೋರದು. ಈ ಅರಿವು ಚಿತ್ರ, ಮಾದರಿ, ವಿಡಿಯೊಗಳಿಂದಲೂ ದೊರೆಯುತ್ತದೆ.

ಕಾನೂನಿನ ಒಲವೂ ಇದೇ ಕಡೆಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೆಯ ವಿಧಿ, ಪುಸ್ತಕ, ಮಾದರಿ, ಚಲನಚಿತ್ರಗಳು ಸಾಕಾಗುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ಬೇಡವೆನ್ನುತ್ತದೆ. ಕಾಲೇಜುಗಳ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಛೇದನವನ್ನು ನಿಲ್ಲಿಸುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲಿ ಸೂಚಿಸಿತು. ಕ್ಯಾಲಿಫೋರ್ನಿಯಾದಲ್ಲಿಯೂ ನೈತಿಕ ಕಾರಣಕ್ಕೆ ಛೇದನವನ್ನು ಒಲ್ಲೆನೆನ್ನುವ ಹಕ್ಕನ್ನು 1988ರ ಕಾನೂನು ಶಾಲಾಮಕ್ಕಳಿಗೆ ಕೊಟ್ಟಿತು. ಭಾರತದ ಸಂವಿಧಾನದ 51ಎ ವಿಧಿಯಲ್ಲಿ ಜೀವಿಗಳ ಮೇಲಿನ ಅನುಕಂಪ ಮತ್ತು ವೈಜ್ಞಾನಿಕ ಮನೋಭಾವ, ಎರಡೂ ನಾಗರಿಕರ ಕರ್ತವ್ಯಗಳಾಗಿ ಅಕ್ಕಪಕ್ಕದಲ್ಲಿಯೇ ಇವೆ.

ಒಂದು ಎಚ್ಚರ ಮಾತ್ರ ಬೇಕು. ಒಲ್ಲೆನೆಂಬ ಮಗು, ಪಕ್ಕದಲ್ಲಿ ಕುಳಿತ ಮೀನುಗಾರರ ಮಗುವನ್ನು ಕೀಳಾಗಿ ನೋಡಬಾರದು. ಆ ಮನೆಯ ಅನ್ನ ಕಡಲಿನಿಂದ ಬರುತ್ತದೆ. ಅಹಿಂಸೆಯ ಹೆಸರಿನಲ್ಲಿ ಸಹಪಾಠಿಯ ಮನಸ್ಸನ್ನು ನೋಯಿಸಿದರೆ ಅದೂ ಹಿಂಸೆಯೇ. “ಸಾರ್, ನಾನು ಸೀಳುವುದಿಲ್ಲ, ಆದರೆ ಪಾಠವನ್ನು ಪೂರ್ತಿ ಕಲಿಯುತ್ತೇನೆ” ಎಂದು ವಿನಯದಿಂದ ಹೇಳಿ, ಅಂತೆಯೇ ಕಲಿತು ತೋರಿಸಲಿ. ಹಾಗೆ ಹೇಳುವ ಧೈರ್ಯವನ್ನು ತಂದೆತಾಯಿ ಕಲಿಸಬೇಕು. ಕೇಳಿಸಿಕೊಳ್ಳುವ ತಾಳ್ಮೆ ಶಿಕ್ಷಕರಲ್ಲಿರಬೇಕು.