ಕಾಂಕ್ರೀಟ್ ಕಂಬಗಳಿಗೆ ನಾರಿನ ಹೊದಿಕೆ: ಅನುಮೋದನೆಗೆ ಮುನ್ನ ಸದಸ್ಯರು ಗಮನಿಸಬೇಕಾದ ಅಂಶಗಳು

ನಮ್ಮ ಗ್ರಾಮಗಳ ಓವರ್‌ಹೆಡ್ ಟ್ಯಾಂಕ್, ಶಾಲೆ ಹಾಗೂ ಸಮುದಾಯ ಭವನಗಳಲ್ಲಿ ವರ್ಷಗಳು ಕಳೆದಂತೆ ಕಂಬಗಳು ಬಿರುಕು ಬಿಡುವುದು, ತುಕ್ಕು ಹಿಡಿದ ಸರಳು ಹೊರಗೆ ಕಾಣುವುದು ಅಪರೂಪವಲ್ಲ. 50,000 ಲೀಟರ್ ಸಾಮರ್ಥ್ಯದ ಟ್ಯಾಂಕ್ ತುಂಬಿದಾಗ ನೀರಿನ ತೂಕವೇ 50 ಟನ್. ಅದನ್ನು ಹೊರುವುದು ಕೆಲವೇ ಕಂಬಗಳು. ಅವುಗಳ ಸಮೀಪದಲ್ಲೇ ಜನರು ನೀರು ಹಿಡಿಯುತ್ತಾರೆ, ಮಕ್ಕಳು ಆಡುತ್ತಾರೆ. ಇಂತಹ ಕಂಬಗಳನ್ನು ಕೆಡವದೆ ಬಲಪಡಿಸುವ ವಿಧಾನಗಳಲ್ಲಿ ನಾರು ಬಲವರ್ಧಿತ ಪಾಲಿಮರ್ ಹೊದಿಕೆಯೂ ಒಂದು. ಇದರ ಪ್ರಸ್ತಾವನೆಯು ಸಭೆಯ ಮುಂದೆ ಬಂದಾಗ ಮಾನ್ಯ ಸದಸ್ಯರಿಗೆ ನೆರವಾಗಲೆಂದು ಈ ವಿವರಣೆ ನೀಡಲಾಗಿದೆ.

ಕೆಲಸ ಮಾಡುವ ಬಗೆ

ಭಾರ ಬಿದ್ದಾಗ ಕಂಬವು ಪಕ್ಕಕ್ಕೆ ಕಿಂಚಿತ್ ಉಬ್ಬುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು. ಉಬ್ಬು ಮಿತಿಮೀರಿದರೆ ಸೀಳುತ್ತದೆ. ಒನಕೆಯ ತುದಿ ಸೀಳದಂತೆ ಕಬ್ಬಿಣದ ಅಣಸು ಹಿಡಿದಿಡುವ ಹಾಗೆ, ಈ ಹೊದಿಕೆಯು ಕಂಬವನ್ನು ಸುತ್ತಲೂ ಬಿಗಿಹಿಡಿಯುತ್ತದೆ. ಕಾರ್ಬನ್ ಅಥವಾ ಗಾಜಿನ ನಾರಿನ ಹಾಳೆಯನ್ನು ಎಪಾಕ್ಸಿ ಅಂಟಿನಲ್ಲಿ ತೋಯಿಸಿ ಕಂಬಕ್ಕೆ ಸುತ್ತಲಾಗುತ್ತದೆ; ಅಂಟು ಗಟ್ಟಿಯಾದ ಮೇಲೆ ಅದು ತೆಳುವಾದ ಕವಚವಾಗುತ್ತದೆ. ಕಾರ್ಬನ್ ನಾರು ಉಕ್ಕಿಗಿಂತ ಬಹಳ ಹಗುರ, ತುಕ್ಕು ಹಿಡಿಯುವುದಿಲ್ಲ, ಎಳೆತವನ್ನು ಉಕ್ಕಿನ ಸರಳಿಗಿಂತ ಹಲವು ಪಟ್ಟು ಹೆಚ್ಚು ತಾಳಬಲ್ಲದು. ಜಪಾನಿನ ಕೋಬೆ ಪ್ರದೇಶದಲ್ಲಿ 1995ರ ಜನವರಿ 17ರಂದು ಸಂಭವಿಸಿದ ಭೂಕಂಪದಲ್ಲಿ ಹೆದ್ದಾರಿ ಸೇತುವೆಯ ಕಂಬಗಳು ಕುಸಿದ ನಂತರ ಈ ವಿಧಾನದ ಬಳಕೆ ಅಲ್ಲಿ ವ್ಯಾಪಕವಾಯಿತು.

ಹೊದಿಕೆಯ ಮಿತಿಗಳು

ಹೊದಿಕೆಯು ತುಕ್ಕಿಗೆ ಮದ್ದಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅದನ್ನು ತೆಗೆಯದೆ ಮೇಲೆ ಸುತ್ತಿದರೆ, ಒಳಗೆ ಹಾನಿ ಮುಂದುವರಿದರೂ ಹೊರಗೆ ಕಾಣದು. ಕಂಬ ಹೊಸದರಂತೆ ಕಾಣುವುದರಿಂದ ಎಚ್ಚರಿಕೆಯೂ ತಪ್ಪುತ್ತದೆ. ಇದೇ ಅತಿ ದೊಡ್ಡ ಅಪಾಯ.

ಅಡಿಪಾಯ ಕುಸಿದಿದ್ದರೆ ಹೊದಿಕೆಯಿಂದ ಪ್ರಯೋಜನವಿಲ್ಲ. ತೊಲೆ ಮತ್ತು ಕಂಬ ಕೂಡುವ ಸಂದುಗಳಿಗೆ ಪ್ರತ್ಯೇಕ ವಿನ್ಯಾಸ ಬೇಕು. ದುಂಡನೆಯ ಕಂಬದಲ್ಲಿ ಹಿಡಿತ ಸುತ್ತಲೂ ಸಮನಾಗಿರುತ್ತದೆ. ಚೌಕ ಕಂಬದಲ್ಲಿ ಅದು ಮೂಲೆಗಳಲ್ಲೇ ಹೆಚ್ಚು. ಚೂಪಾದ ಮೂಲೆ ನಾರನ್ನು ಕತ್ತರಿಸುವುದರಿಂದ ಮೂಲೆಗಳನ್ನು ಮೊದಲು ದುಂಡಗೆ ಉಜ್ಜಬೇಕು. ಸಾಮಾನ್ಯ ಎಪಾಕ್ಸಿ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೇ ಮೆದುವಾಗತೊಡಗುತ್ತದೆ. ಆದ್ದರಿಂದ ಬಿಸಿಯೂಟದ ಅಡುಗೆ ಕೋಣೆಯಂತಹ ಸ್ಥಳಗಳಲ್ಲಿ ಶಾಖದಿಂದ ರಕ್ಷಣೆ ಅಗತ್ಯ. ಬಿಸಿಲಿಗೆ ಒಡ್ಡಿಕೊಂಡ ಕಡೆ ರಕ್ಷಕ ಬಣ್ಣದ ಲೇಪನ ಕಡ್ಡಾಯ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಕಂಬದ ಪರೀಕ್ಷೆ ಆಗಿದೆಯೇ? ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾಂಕ್ರೀಟಿನ ಕ್ಷಾರಗುಣ ಉಳಿದಿದೆ ಎಂದರ್ಥ. ಬಣ್ಣ ಬಾರದ ಭಾಗವು ಸರಳಿನವರೆಗೆ ತಲುಪಿದ್ದರೆ ತುಕ್ಕಿಗೆ ದಾರಿಯಾಗಿದೆ. ಇದನ್ನು ಸದಸ್ಯರು ಸ್ಥಳದಲ್ಲೇ ನೋಡಬಹುದು. ಆದರೆ ಉಪ್ಪಿನಂಶದಿಂದಲೂ ತುಕ್ಕು ಹಿಡಿಯುವುದರಿಂದ ಇತರ ಪರೀಕ್ಷೆಗಳ ವರದಿಯೂ ಇರಬೇಕು.

2. ದೋಷಕ್ಕೆ ಕಾರಣವೇನು: ತುಕ್ಕೋ, ಅಡಿಪಾಯವೋ, ಹೆಚ್ಚಿದ ಭಾರವೋ?

3. ಸಡಿಲ ಕಾಂಕ್ರೀಟ್ ತೆಗೆಯುವುದು, ಸರಳಿನ ತುಕ್ಕು ಉಜ್ಜುವುದು, ಸವೆದ ಸರಳಿಗೆ ಪೂರಕ ಸರಳು ಜೋಡಿಸುವುದು, ದುರಸ್ತಿ ಗಾರೆ ತುಂಬುವುದು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬುಗಳಾಗಿ ಇವೆಯೇ?

4. ಕೆಲಸಕ್ಕೆ ಮುನ್ನ ಟ್ಯಾಂಕ್ ಖಾಲಿ ಮಾಡಿ, ಅಗತ್ಯವಿದ್ದಲ್ಲಿ ಆಸರೆ ಕೊಡಲಾಗುವುದೇ? ಆ ಅವಧಿಗೆ ಕುಡಿಯುವ ನೀರಿನ ಬದಲಿ ವ್ಯವಸ್ಥೆ ಏನು?

5. ನಾರಿನ ಬಗೆ, ಪದರಗಳ ಸಂಖ್ಯೆ ಮತ್ತು ಹಾಳೆಯ ತುದಿಗಳು ಒಂದರ ಮೇಲೊಂದು ಬರಬೇಕಾದ ಉದ್ದವನ್ನು ವಿನ್ಯಾಸದಲ್ಲಿ ನಮೂದಿಸಲಾಗಿದೆಯೇ?

6. ಕಾಂಕ್ರೀಟ್ ಕವಚ ಹಾಗೂ ಹೊಸ ನಿರ್ಮಾಣದ ವೆಚ್ಚದೊಂದಿಗೆ ಹೋಲಿಕೆ ಮಾಡಲಾಗಿದೆಯೇ? ಹೊದಿಕೆಯ ಸಾಮಗ್ರಿ ದುಬಾರಿ. ಜಾಗವಿರುವಲ್ಲಿ, ಅಡಿಪಾಯವು ಹೆಚ್ಚುವರಿ ಭಾರ ತಾಳುವಲ್ಲಿ ಕಾಂಕ್ರೀಟ್ ಕವಚವೇ ಸಾಕಾಗಬಹುದು.

ಹೊದಿಕೆ ಸುತ್ತುವ ಮುನ್ನವೇ ಪ್ರತಿ ಕಂಬದ ದುರಸ್ತಿಯನ್ನು ಇಂಜಿನಿಯರ್ ಪರಿಶೀಲಿಸಿ, ಅಳತೆ ಪುಸ್ತಕದಲ್ಲಿ ದಾಖಲಿಸಿ, ಛಾಯಾಚಿತ್ರ ಕಡತದಲ್ಲಿಡುವಂತೆ ನಿರ್ಣಯದಲ್ಲೇ ಷರತ್ತು ಸೇರಿಸುವುದು ಸೂಕ್ತ. ಸುತ್ತಿದ ಮೇಲೆ ಮೇಲ್ಮೈಯನ್ನು ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದಲ್ಲಿ ಅಂಟು ಹಿಡಿದಿಲ್ಲವೆಂದು ತಿಳಿದು ಸರಿಪಡಿಸಿದ ನಂತರವೇ ಬಿಲ್ ಪಾವತಿಸಬೇಕು.

ಸರಳು ಹೊರಬಿದ್ದ ಅಥವಾ ಉದ್ದುದ್ದ ಸೀಳಿದ ಕಂಬ ಕಂಡಲ್ಲಿ ಅನುದಾನಕ್ಕಾಗಿ ಕಾಯಬಾರದು. ಕೂಡಲೇ ಸುತ್ತ ತಡೆ ಹಾಕಿಸಿ, ಜನಸಂಚಾರ ನಿಲ್ಲಿಸಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಲಿಖಿತವಾಗಿ ತಿಳಿಸುವಂತೆ ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ