ಖಾನಾವಳಿ ಮತ್ತು ಪಾನಗೃಹ: ಪ್ರವೇಶ, ಪಂಕ್ತಿ, ಪಾತ್ರೆ

ಇಂಗ್ಲೆಂಡಿನ ಹಳೆಯ ಪಾನಗೃಹಗಳಿಗೆ ಹೋಗಿಬಂದ ಪ್ರವಾಸಿಗಳ ವರ್ಣನೆಗಳಲ್ಲಿ ಮರದ ತೊಲೆಗಳು, ಬೆಂಕಿಗೂಡು, ಬಿಯರಿನ ರುಚಿ, ಬಡಿಸಿದವರ ಉಪಚಾರ ಇವು ಮತ್ತೆ ಮತ್ತೆ ಬರುತ್ತವೆ. ತಮ್ಮನ್ನು ಒಳಗೆ ಬಿಟ್ಟುಕೊಂಡರೆಂಬ ಸಂಗತಿಯನ್ನು ಸಾಮಾನ್ಯವಾಗಿ ಅವರು ಬರೆಯುವುದಿಲ್ಲ. ತೆರೆದ ಬಾಗಿಲಿನಲ್ಲಿ ಹೊಕ್ಕವನಿಗೆ ಬಾಗಿಲಿನ ನೆನಪಿರುವುದಿಲ್ಲವಷ್ಟೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನು ಮುಂದಿಟ್ಟುಕೊಂಡು, ಉಣ್ಣುವ ಕುಡಿಯುವ ಸಾರ್ವಜನಿಕ ಸ್ಥಳಗಳ ಚರಿತ್ರೆಯು ರುಚಿಯ ಚರಿತ್ರೆಯಾಗಿರುವಂತೆಯೇ ಪ್ರವೇಶದ, ಪಂಕ್ತಿಯ, ಪಾತ್ರೆಯ ಚರಿತ್ರೆಯೂ ಆಗಿದೆಯೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ತೆಂಗಳಿಯ ಸೀಮೆಗೆ ಹೊಂದಿಕೊಂಡಿರುವ ಸೇಡಂ ತಾಲ್ಲೂಕಿನ ಮಳಖೇಡವು 9 ಮತ್ತು 10ನೆಯ ಶತಮಾನಗಳಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಈ ಅರಸರನ್ನು 'ಬಲ್ಹರಾ' ಎಂಬ ಹೆಸರಿನಿಂದ ಅರಬ್ ಬರಹಗಾರರು ಬಲ್ಲವರಾಗಿದ್ದರು. ಅವರಲ್ಲಿ ಒಬ್ಬನಾದ, ಸಿರಾಫ್ ಬಂದರಿನ ಅಬೂ ಜೈದನು 10ನೆಯ ಶತಮಾನದಲ್ಲಿ ಒಂದು ಸಂಗತಿಯನ್ನು ದಾಖಲೆ ಮಾಡಿದ್ದಾನೆ. ಸಿರಾಫಿಗೆ ಬಂದ ಭಾರತೀಯರನ್ನು ಅಲ್ಲಿಯ ವರ್ತಕರು ಔತಣಕ್ಕೆ ಕರೆದರೆ, ಅತಿಥಿಗಳು ನೂರು ಮಂದಿಯಿದ್ದರೂ ಒಬ್ಬೊಬ್ಬರ ಮುಂದೆಯೂ ಬೇರೆಬೇರೆ ತಟ್ಟೆಯನ್ನು ಇಡಬೇಕಾಗುತ್ತಿದ್ದಿತಂತೆ. ಒಂದೇ ಹರಿವಾಣದ ಸುತ್ತ ಕುಳಿತು ಉಣ್ಣುವ ರೂಢಿಯವನಿಗೆ ಇದು ಬರೆದಿಡತಕ್ಕ ವಿಶೇಷವಾಗಿ ತೋರಿತು. ಬೇರೆ ತಟ್ಟೆಯೆಂಬುದು ತನ್ನಷ್ಟಕ್ಕೆ ದೋಷವಲ್ಲ. ಎಲ್ಲರಿಗೂ ಬೇರೆ ತಟ್ಟೆಯಿದ್ದರೆ ಅದು ಶುಚಿಯ ಮಾತು. ಕೆಲವರಿಗೆ ಮಾತ್ರ ಬೇರೆಯಿದ್ದರೆ ಅದು ಅವಮಾನದ ಮಾತು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಪಾನದ ವಿಷಯದಲ್ಲಿಯೂ ನಮ್ಮ ಸಾಹಿತ್ಯವು ಮೌನವಾಗಿಲ್ಲ. ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಸೂಳೆಗೇರಿಯ ಪಾನಗೋಷ್ಠಿಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಕಳ್ಳಿನೊಡನೆ ನಂಜಿಕೊಳ್ಳುವ ತಿನಿಸಿಗೆ 'ಚಕ್ಕಣ' ಎಂಬ ಪ್ರತ್ಯೇಕ ಶಬ್ದವೇ ಹಳಗನ್ನಡದಲ್ಲಿದೆ. ಕುಡಿತ, ತಿನಿಸು, ಮಾತು ಇವು ಮೂರೂ ಒಂದೇ ಕೂಟದ ಅಂಗಗಳೆಂಬ ಭಾವನೆ ಆಗ ಇದ್ದಿತೆಂಬುದಕ್ಕೆ ಈ ಶಬ್ದವೇ ಸಾಕ್ಷಿ. ಮುಂದೆ 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನೇ ಇದ್ದನು. ಹೆಂಡ ಮಾರುವ ಕಾಯಕದವನಿಗೂ ಶರಣರ ಕೂಟದಲ್ಲಿ ಸ್ಥಾನ ದೊರೆತುದು ಗಮನಾರ್ಹವಾದ ಸಂಗತಿ. ತರುವಾಯದ ಕಾಲದಲ್ಲಿ ಈ ಸಮತೆ ಉಳಿಯಲಿಲ್ಲ. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಈಚಲಮರದ ಸೇಂದಿಯು ಅಬಕಾರಿ ಗುತ್ತಿಗೆಗೆ ಒಳಪಟ್ಟು ಬೊಕ್ಕಸಕ್ಕೆ ದೊಡ್ಡ ಆದಾಯವನ್ನು ತಂದಿತು. ಆದರೆ ಮರ್ಯಾದಸ್ಥರೆನಿಸಿಕೊಂಡವರು ಸೇಂದಿ ಅಂಗಡಿಯನ್ನು ಕೀಳೆಂದೇ ಎಣಿಸಿದರು. ಹೀಗೆ ಕುಡಿಯುವ ಸ್ಥಳ ಬೇರೆ, ಉಣ್ಣುವ ಸ್ಥಳ ಬೇರೆಯಾಯಿತು.

ಉಣ್ಣುವ ಸ್ಥಳವೆಂದರೆ ನಮ್ಮಲ್ಲಿ ಖಾನಾವಳಿ. ಶಬ್ದವು ಮರಾಠಿಯ 'ಖಾನಾವಳ'ದಿಂದ ಬಂದುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರು ಇವು ಅದರ ಮುಖ್ಯ ಪದಾರ್ಥಗಳು. ಕಾಲ ಕೆಳಗೆ ಈ ಸೀಮೆಯದೇ ಆದ ಶಹಾಬಾದ ಕಲ್ಲಿನ ಹಾಸು. ಬಡಿಸುವವರು 'ಇನ್ನೊಂದು ರೊಟ್ಟಿ ಹಾಕಲೇನ್ರಿ' ಎಂದು ಕೇಳುವ ಉಪಚಾರವನ್ನು ಹೊರಗಿನಿಂದ ಬಂದವರು ಬಹುಕಾಲ ಮರೆಯಲಾರರು. ಆದರೆ ಅನೇಕ ಖಾನಾವಳಿಗಳ ಹೆಸರಿನಲ್ಲಿಯೇ ಒಂದು ಜಾತಿಯ ಅಥವಾ ಮತದ ಗುರುತಿರುವುದನ್ನು ಮರೆಯಲಾಗದು. ಆ ಹೆಸರು ಒಬ್ಬನಿಗೆ ಅಡುಗೆಯ ಭರವಸೆ. ಇನ್ನೊಬ್ಬನಿಗೆ, ತಾನು ಒಳಗೆ ಹೋಗಬಹುದೇ ಎಂಬ ಸಂದೇಹ.

ರೈಲು ಬಂದ ಮೇಲೆ ಈ ಪ್ರಶ್ನೆ ಮತ್ತಷ್ಟು ಸ್ಪಷ್ಟವಾಯಿತು. ಮುಂಬಯಿಯಿಂದ ರಾಯಚೂರಿಗೆ ಹೋಗುವ ಮಾರ್ಗವು 1871ರಲ್ಲಿ ವಾಡಿಯನ್ನು ಹಾದು ಪೂರ್ಣವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಅಪರಿಚಿತರು ಒಂದೇ ಡಬ್ಬಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತರು. ಆದರೆ ಬ್ರಿಟಿಷರ ಕಾಲದ ಅನೇಕ ನಿಲ್ದಾಣಗಳಲ್ಲಿ 'ಹಿಂದೂ ನೀರು', 'ಮುಸಲ್ಮಾನ ನೀರು' ಎಂದು ಕುಡಿಯುವ ನೀರು ಬೇರೆಬೇರೆಯಾಗಿಯೇ ಉಳಿಯಿತು. ದಲಿತರಿಗಾದರೋ ಚಹದಂಗಡಿಯ ಹೊರಗೆ ಬೇರೆಯಾಗಿಟ್ಟ ಬಟ್ಟಲೇ ಗತಿಯಾಗಿದ್ದಿತು; ಕುಡಿದ ಮೇಲೆ ಅದನ್ನು ಅವರೇ ತೊಳೆದಿಡಬೇಕಾಗಿದ್ದಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರಿಸಿಯೇ ಹೇಳಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ಸ್ಥಳಗಳಲ್ಲಿ ಸಾರ್ವಜನಿಕರ ಬಳಕೆಗೆ ಇಟ್ಟ ಪಾತ್ರೆಗಳನ್ನು ಉಪಯೋಗಿಸಲು ತಡೆಯುವುದನ್ನೂ ಅಪರಾಧವೆಂದಿತು. ಒಳಗೆ ಬಿಟ್ಟುಕೊಂಡು ಬೇರೆ ಬಟ್ಟಲು ಕೊಟ್ಟರೆ ಪ್ರವೇಶವು ಪೂರ್ಣವಾಗದೆಂಬುದನ್ನು ಕಾಯಿದೆ ಮಾಡಿದವರು ಚೆನ್ನಾಗಿ ಅರಿತಿದ್ದರು.

ಇಂಗ್ಲೆಂಡಿನ ಪಾನಗೃಹವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 'ಪಬ್' ಎಂಬುದು 'ಪಬ್ಲಿಕ್ ಹೌಸ್' ಎಂಬುದರ ಹ್ರಸ್ವರೂಪ. ಅಂದರೆ ಸಾರ್ವಜನಿಕರ ಮನೆ. ಆದರೆ ಅಲ್ಲಿಯೂ ಕೂಲಿಗಾರರಿಗೆ ಬರಿಯ ಹಾಸಿನ ಕೋಣೆ, ಉಳ್ಳವರಿಗೆ ರತ್ನಗಂಬಳಿಯ ಕೋಣೆ ಎಂಬ ಭೇದವಿದ್ದು, ಎರಡನೆಯದರಲ್ಲಿ ಬೆಲೆಯೂ ಹೆಚ್ಚಾಗಿರುತ್ತಿದ್ದಿತು. 1964ರಲ್ಲಿ ಬ್ರಿಸ್ಟಲ್ ನಗರದ ಒಂದು ಪಾನಗೃಹದಲ್ಲಿ ಪಾಲ್ ಸ್ಟೀಫನ್‌ಸನ್ ಎಂಬ ಕರಿಯ ಯುವಕನು ಹೊರಗೆ ಹೋಗೆಂದರೂ ಹೋಗದೆ ಕುಳಿತನು. ಅವನನ್ನು ಬಂಧಿಸಿದರು; ನ್ಯಾಯಾಲಯವು ಮೊಕದ್ದಮೆಯನ್ನು ವಜಾ ಮಾಡಿತು. ಮರುವರ್ಷ, 1965ರಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದ ಮಾಡುವುದನ್ನು ಅಲ್ಲಿಯ ಸಂಸತ್ತು ಕಾಯಿದೆಯಿಂದ ನಿಷೇಧಿಸಿತು. ಈ ವಿಷಯದಲ್ಲಿ ನಮ್ಮ ಕಾಯಿದೆಯು ಹತ್ತು ವರ್ಷ ಮುಂಚಿನದು. ಆದರೆ ಕಾಯಿದೆ ಹಳೆಯದಾದುದರಿಂದಲೇ ರೂಢಿ ಅಳಿಯಿತೆಂದು ಹೇಳುವಂತಿಲ್ಲ.

ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬಹುದಾದ ಕೆಲಸವೊಂದು ಇಲ್ಲಿದೆ. ತಂತಮ್ಮ ಊರುಗಳ ಹಿರಿಯರನ್ನು ಕಂಡು ಮೂರು ಪ್ರಶ್ನೆಗಳನ್ನು ಕೇಳಬೇಕು: ನೀವು ಮೊದಲ ಸಲ ಖಾನಾವಳಿಯಲ್ಲಿ ಉಂಡುದು ಯಾವಾಗ? ಎಲ್ಲಿ ಕುಳಿತಿರಿ? ತಟ್ಟೆಯನ್ನು ತೊಳೆದವರಾರು? ರುಚಿಯ ಮಾತು ತಾನಾಗಿಯೇ ಬರುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರವು ತಡವಾಗಿ ಬಂದರೆ ಕಾಯಬೇಕು. ಬಂದ ಉತ್ತರವನ್ನು ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ದೊರೆಯದ ಚರಿತ್ರೆಯ ಭಾಗವೊಂದು ಇನ್ನೂ ಈ ಹಿರಿಯರ ನೆನಪಿನಲ್ಲಿದೆ.